ಮೊಳೆ ಮೀಮಾಂಸೆ

ಅಮೂರ್ತ ಚಿತ್ರಕಲೆಯನ್ನು ಕುರಿತು ಬರೆದ ಪಂಡಿತರೆಲ್ಲ ಬಣ್ಣ, ರೇಖೆ, ಅವಕಾಶ, ಅಂತರಂಗ ಎಂದು ಪುಟಗಟ್ಟಲೆ ತುಂಬಿಸಿದರು. ಆ ಚಿತ್ರವನ್ನು ಹೊತ್ತು ನಿಂತ ಮೊಳೆಯ ಬಗ್ಗೆ ಮಾತ್ರ ಒಬ್ಬರೂ ತುಟಿ ಬಿಚ್ಚಲಿಲ್ಲ. ಈ ಘೋರ ಅನ್ಯಾಯವನ್ನು ಸರಿಪಡಿಸಲೆಂದೇ ಪ್ರಸ್ತುತ ಪ್ರಬಂಧ ಅವತರಿಸಿದೆ. ಅಧ್ಯಯನದ ಕ್ಷೇತ್ರ ನಮ್ಮೂರ ಶಾಖಾ ಗ್ರಂಥಾಲಯ. ಅಧ್ಯಯನದ ವಸ್ತು, ಅಲ್ಲಿ ಪ್ರದರ್ಶನಕ್ಕಿಟ್ಟಿರುವ, ಊರಿನವರೇ ಆದ ಕಲಾವಿದರೊಬ್ಬರ ಒಂಬತ್ತು ಕ್ಯಾನ್ವಾಸುಗಳು. ಒಂಬತ್ತಕ್ಕೂ ಹೆಸರು ಒಂದೇ: ‘ಶೀರ್ಷಿಕೆರಹಿತ’. (ಇದು ಸೋಮಾರಿತನವಲ್ಲ, ಪರಂಪರೆ. ವಿ. ಎಸ್. ಗಾಯತೊಂಡೆಯವರೂ ಬಹುಪಾಲು ಚಿತ್ರಗಳಿಗೆ ಹೆಸರಿಡಲಿಲ್ಲ. ಅವನ್ನು ಅಮೂರ್ತ ಎಂದರೂ ಒಪ್ಪುತ್ತಿರಲಿಲ್ಲ. ಅವರ ಅಂಥದೊಂದು ಹೆಸರಿಲ್ಲದ ಚಿತ್ರ 2015ರಲ್ಲಿ ಮುಂಬೈ ಹರಾಜಿನಲ್ಲಿ 29 ಕೋಟಿ ರೂಪಾಯಿ ದಾಟಿತು. ಅದನ್ನು ಎಷ್ಟು ಇಂಚಿನ ಮೊಳೆಗೆ ತೂಗುಹಾಕಿದ್ದರೆಂದು ನಾನೋದಿದ ಯಾವ ವರದಿಯೂ ಹೇಳಲಿಲ್ಲ.)

ಮೂಲ ಸೂತ್ರ ಇಷ್ಟು: ಅಮೂರ್ತ ಚಿತ್ರದ ಅರ್ಥ ಬಣ್ಣದಲ್ಲಿಲ್ಲ, ಮೊಳೆಯಲ್ಲಿದೆ.

ಪ್ರಮಾಣ ಕೇಳುವವರಿಗೆ ಇತಿಹಾಸವೇ ಇದೆ. 1915ರಲ್ಲಿ ಪೆತ್ರೊಗ್ರಾದ್ ನಗರದಲ್ಲಿ ಕಲಾವಿದ ಮಾಲೆವಿಚ್ ತನ್ನ ‘ಕಪ್ಪು ಚೌಕ’ ಚಿತ್ರವನ್ನು ಕೋಣೆಯ ಮೂಲೆಯಲ್ಲಿ, ಸೂರಿಗೆ ತಾಗುವಂತೆ ನೇತುಹಾಕಿದ. ರಷ್ಯನ್ನರ ಮನೆಯಲ್ಲಿ ಅದು ದೇವರ ಪಟದ ಜಾಗ. ಕಪ್ಪು ಬಣ್ಣ ಎಲ್ಲರ ಮನೆಯಲ್ಲೂ ಇತ್ತು. ದೇವರ ಮೊಳೆಗೆ ಕೈಹಾಕುವ ಧೈರ್ಯ ಇದ್ದದ್ದು ಅವನೊಬ್ಬನಿಗೆ. 1961ರಲ್ಲಿ ನ್ಯೂಯಾರ್ಕಿನ ಆಧುನಿಕ ಕಲಾ ವಸ್ತುಸಂಗ್ರಹಾಲಯದಲ್ಲಿ ಮತೀಸನ ‘ದೋಣಿ’ 47 ದಿನ ತಲೆಕೆಳಗಾಗಿ ನೇತಾಡಿತು. ದೋಣಿ ಯಾವುದು, ನೀರಿನಲ್ಲಿ ಬಿದ್ದ ಅದರ ನೆರಳು ಯಾವುದು ಎಂದು ಪತ್ತೆಹಚ್ಚಿದ್ದು ವಿಮರ್ಶಕರಲ್ಲ, ಷೇರುಪೇಟೆಯ ದಲ್ಲಾಳಿಯೊಬ್ಬರು. ಮೋಂಡ್ರಿಯಾನನ ಪ್ರಕರಣ ಇನ್ನೂ ಘನವಾದದ್ದು. ಬಣ್ಣದ ಟೇಪು ಅಂಟಿಸಿ 1941ರಲ್ಲಿ ಮಾಡಿದ ‘ನ್ಯೂಯಾರ್ಕ್ ಸಿಟಿ 1’ ದಶಕಗಟ್ಟಲೆ ತಲೆಕೆಳಗಾಗಿಯೇ ಇದ್ದಿರಬೇಕೆಂದು 2022ರಲ್ಲಿ ಜರ್ಮನಿಯ ಡ್ಯೂಸೆಲ್‌ಡಾರ್ಫಿನ ಸಂಗ್ರಹಾಲಯದವರು ಸಾರಿದರು. ತಿರುಗಿಸಿದರೆ ಟೇಪು ಕಿತ್ತುಬಂದೀತೆಂದು ಹಾಗೇ ಬಿಟ್ಟರು. ಅಂದರೆ ಸತ್ಯ ಗೊತ್ತಾದ ಮೇಲೂ ಗೆದ್ದದ್ದು ಮೊಳೆ.

ಇನ್ನು ನಮ್ಮ ಶಾಖಾ ಗ್ರಂಥಾಲಯಕ್ಕೆ ಬರೋಣ. ಹೊಸ ಮೊಳೆ ಹೊಡೆಯಲು ಮೇಲಧಿಕಾರಿಗಳ ಅನುಮತಿ ಬೇಕು; ಆದ್ದರಿಂದ ಇದ್ದ ಮೊಳೆಗಳನ್ನೇ ತೆರವು ಮಾಡಿಸಲಾಯಿತು. ಗಡಿಯಾರ ಇಳಿದ ಮೊಳೆಗೆ ಒಂದನೆಯ ಚಿತ್ರ ಏರಿತು. ಈಗ ಒಳಗೆ ಬಂದವರೆಲ್ಲ ಮೊದಲು ಅದನ್ನು ನೋಡುತ್ತಾರೆ, ಆಮೇಲೆ ಮೊಬೈಲು ತೆಗೆದು ಗಂಟೆ ನೋಡುತ್ತಾರೆ. ಕೃತಿಯ ವಸ್ತು ಕಾಲ ಎಂಬುದಕ್ಕೆ ಬೇರೆ ಸಾಕ್ಷಿ ಬೇಡ. ‘ಮೌನವಾಗಿರಿ’ ಫಲಕದ ಜಾಗಕ್ಕೆ ಬಂದ ಎರಡನೆಯ ಚಿತ್ರದ ಕೆಳಗೆ ಗದ್ದಲವೋ ಗದ್ದಲ. ಅದು ವಾಕ್ ಸ್ವಾತಂತ್ರ್ಯದ ಕೃತಿ. ಬ್ಯಾಂಕಿನ ಕ್ಯಾಲೆಂಡರಿನ ಮೊಳೆಗೆ ಸಿಕ್ಕಿದ ಮೂರನೆಯದರ ಕೆಂಪು ಚುಕ್ಕೆಗಳನ್ನು ಪಿಂಚಣಿದಾರರೊಬ್ಬರು ಬಹಳ ಹೊತ್ತು ಎಣಿಸಿ, ಈ ತಿಂಗಳು ರಜೆ ಜಾಸ್ತಿ ಎಂದು ಸಂತೋಷಪಟ್ಟು ಹೋದರು.

ಇದಕ್ಕೆ ಪೂರ್ವಪಕ್ಷಗಳಿಲ್ಲದೆ ಇಲ್ಲ. ಬೆಳಗ್ಗೆ ಎಂಟಕ್ಕೇ ಬಂದು ಬ್ಯಾಗಿಟ್ಟು ಕುರ್ಚಿ ಹಿಡಿಯುವ ಸ್ಪರ್ಧಾತ್ಮಕ ಪರೀಕ್ಷೆಯ ಹುಡುಗರ ಮತದಲ್ಲಿ, ಯಾವ ಚಿತ್ರಕ್ಕೂ ನಾಲ್ಕೇ ಅರ್ಥ ಸಾಧ್ಯ; ಸರಿಯುತ್ತರ ‘ಮೇಲಿನ ಯಾವುದೂ ಅಲ್ಲ’. ತಪ್ಪಿದರೆ ಕಾಲು ಅಂಕ ಹೋಗುವುದರಿಂದ ಅವರು ಚಿತ್ರ ನೋಡುವುದನ್ನೇ ಬಿಟ್ಟಿದ್ದಾರೆ. ಪತ್ರಿಕಾ ವಿಭಾಗದ ಹಿರಿಯರದು ಶೂನ್ಯವಾದ.

“ಇದ್ರಲ್ಲಿ ಏನಿದೆ ಸ್ವಾಮಿ?” ಎಂದರು ಅವರಲ್ಲೊಬ್ಬರು, ಗ್ರಂಥಪಾಲಕರನ್ನು ಹಿಡಿದು ನಿಲ್ಲಿಸಿ.

“ಏನೂ ಇಲ್ಲ ಸಾರ್. ಇದ್ದಿದ್ರೆ ಬೀರುವಿನಲ್ಲಿಟ್ಟು ಬೀಗ ಹಾಕ್ತಿದ್ವಿ.”

ಒಂದೂವರೆ ಸಾಲಿನ ಈ ಉತ್ತರದಲ್ಲಿ ನಮ್ಮ ಗ್ರಂಥಾಲಯ ನೀತಿ ಅಡಗಿದೆ. ಎಸ್. ಆರ್. ರಂಗನಾಥನ್ 1931ರಲ್ಲಿ ಬರೆದ ಗ್ರಂಥಾಲಯ ವಿಜ್ಞಾನದ ಪಂಚಸೂತ್ರಗಳಲ್ಲಿ ಮೊದಲನೆಯದು, ಪುಸ್ತಕ ಇರುವುದು ಬಳಕೆಗೆ ಎಂಬುದು. ನಾಲ್ಕನೆಯದು, ಓದುಗನ ಸಮಯ ಉಳಿಸು ಎಂಬುದು. ಅದಕ್ಕೆಂದೇ ಆರನೆಯ ಚಿತ್ರವನ್ನು ಶೌಚಾಲಯದ ದಾರಿಯಲ್ಲಿ ಹಾಕಲಾಗಿದೆ, ಅಲ್ಲಿ ಯಾರೂ ನಿಂತು ನೋಡುವ ಸ್ಥಿತಿಯಲ್ಲಿರುವುದಿಲ್ಲ. ಗ್ರಂಥಾಲಯ ಬೆಳೆಯುವ ಜೀವಿ ಎಂಬ ಐದನೆಯ ಸೂತ್ರವನ್ನು ಸದ್ಯಕ್ಕೆ ಉತ್ತರದ ಗೋಡೆಯ ತೇವ ಪಾಲಿಸುತ್ತಿದೆ.

ಇಷ್ಟರಲ್ಲಿ ಒಂದು ಮಹತ್ವದ ಘಟನೆ ನಡೆಯಿತು. ಮೊಳೆವಾದಿಯಾದ ನಾನೂ ಅದನ್ನು ಮುಚ್ಚಿಡಲಾರೆ. ಒಳಗೆ ಬಂದ ಪ್ರತಿ ವಸ್ತುವಿಗೂ ಸೀಲು ಬೀಳಬೇಕೆಂಬುದು ಅಟೆಂಡರ್ ಅವರ ಬಾಳಿನ ನಿಯಮ. ನಾಲ್ಕನೆಯ ಚಿತ್ರದ ಬಲಗಡೆ ಕೆಳಮೂಲೆಯಲ್ಲಿ ಅವರು ನೇರಳೆ ಶಾಯಿಯ ಅಂಡಾಕಾರದ ಸೀಲು ಒತ್ತಿ, ನಡುವೆ ನೀಲಿ ಪೆನ್ನಿನಲ್ಲಿ ಪರಿಗ್ರಹಣ ಸಂಖ್ಯೆ ಬರೆದರು. ಪ್ಯಾಡಿನಲ್ಲಿ ಶಾಯಿ ಒಣಗಿದ್ದರಿಂದ ‘ಗ್ರಂಥಾ’ ಮೂಡಿತು, ‘ಲಯ’ ಮೂಡಲಿಲ್ಲ. ಅಕ್ಷರ ಬಂದಮೇಲೆ ಕೃತಿ ಅಮೂರ್ತವಲ್ಲ ಎಂದು ಒಂದು ಪಂಗಡ. ಅಕ್ಷರ ಅರ್ಧವೇ ಇರುವುದರಿಂದ ಅರ್ಧ ಅಮೂರ್ತ ಎಂದು ಇನ್ನೊಂದು. ಲಯ ಮೂಡದಿರುವುದೇ ಕೃತಿಯ ದೋಷ ಎಂದು ಸಂಗೀತ ಬಲ್ಲವರೊಬ್ಬರು. ಸುದ್ದಿ ತಿಳಿದು ಕಲಾವಿದರೇ ಓಡಿಬಂದರು. ಹತ್ತಿರ ಹೋಗಿ, ದೂರ ನಿಂತು, ಕತ್ತು ಓರೆ ಮಾಡಿ ನೋಡಿದರು. ಎಲ್ಲರೂ ಉಸಿರು ಬಿಗಿಹಿಡಿದಿದ್ದರು.

“ಸ್ವಲ್ಪ ಎಡಕ್ಕಿರಬೇಕಿತ್ತು,” ಎಂದರು.

ಅಟೆಂಡರ್ ಅವರು ಅಂದಿನಿಂದ ಸೀಲು ಒತ್ತುವ ಮುನ್ನ ಒಂದು ಕಣ್ಣು ಮುಚ್ಚಿ ಅಳತೆ ನೋಡುತ್ತಾರೆ. ನನ್ನ ತೀರ್ಮಾನದಲ್ಲಿ ಈ ಪ್ರದರ್ಶನದಿಂದ ಊರಿಗೆ ಆಗಿರುವ ಖಚಿತವಾದ ಕಲಾಭಿವೃದ್ಧಿ ಇದೊಂದೇ.

ಪ್ರದರ್ಶನ ಇನ್ನೂ ನಡೆದಿದೆ. ಸೋಮವಾರ ಮತ್ತು ತಿಂಗಳ ಎರಡನೇ ಮಂಗಳವಾರ ಗ್ರಂಥಾಲಯಕ್ಕೆ ರಜೆ. ಒಂಬತ್ತನೆಯ ಚಿತ್ರಕ್ಕೆ ಮೊಳೆ ಸಾಲದೆ ಅದು ಎರವಲು ವಿಭಾಗದ ಮೇಜಿನ ಹಿಂದೆ ಗೋಡೆಗೊರಗಿದೆ. ಕೇಳಿದರೆ ತೆಗೆದು ತೋರಿಸುತ್ತಾರೆ. ಯಾವ ಕಡೆ ಮೇಲೆ ಎಂದು ಮಾತ್ರ ದಯವಿಟ್ಟು ಕೇಳಬೇಡಿ.