ಸೀಡ್ ಎಷ್ಟಿತ್ತು?

ರ‍್ಯಾಂಡಮ್ ಫಲ ಕೊಡುವ ಫಂಕ್ಷನ್‌ಗಳನ್ನು ಪರೀಕ್ಷಿಸುವ ಟೆಸ್ಟರ್ ಸಾಫ್ಟ್‌ವೇರ್ ಕಚೇರಿಗಳಲ್ಲಿ ಅಪರೂಪಕ್ಕೆ ಕಾಣಸಿಗುವ ಜಾತಿ. ಉಳಿದ ಟೆಸ್ಟರುಗಳಿಗೆ ಎರಡಕ್ಕೆ ಎರಡು ಕೂಡಿಸಿದರೆ ನಾಲ್ಕು ಬಂತೇ ಎಂದು ನೋಡಿದರೆ ಸಾಕು. ಇವನಿಗೆ ಆ ಸುಖವಿಲ್ಲ. ಇವನ ಫಂಕ್ಷನ್ ಒಮ್ಮೆ ಮೂರು ಅಂದರೆ ಮತ್ತೊಮ್ಮೆ ಆರು ಅನ್ನುತ್ತದೆ, ಎರಡೂ ಸರಿ.

ಇವನ ಮೊದಲ ಅಸ್ತ್ರ ಸೀಡ್. ಕಂಪ್ಯೂಟರಿನ ದಾಳ ಶಕುನಿಯ ದಾಳದ ವಂಶದ್ದು: ಆರಂಭಕ್ಕೆ ಕೊಟ್ಟ ಸಂಖ್ಯೆ, ಅಂದರೆ ಸೀಡ್, ಅದೇ ಆದರೆ ಗರಗಳೂ ಅದೇ ಕ್ರಮದಲ್ಲಿ ಬೀಳುತ್ತವೆ. ಆದ್ದರಿಂದ ಟೆಸ್ಟ್ ಫೇಲಾಯಿತೆಂದೊಡನೆ ಇವನ ಪ್ರಶ್ನೆ ಒಂದೇ: ‘ಸೀಡ್ ಎಷ್ಟಿತ್ತು?’ ರಾತ್ರಿ ಹನ್ನೊಂದಕ್ಕೆ ಫೋನ್ ಮಾಡಿಯೂ ಇದನ್ನೇ ಕೇಳುತ್ತಾನೆ. ‘ಇನ್ನೊಂದ್ಸಲ ಓಡಿಸು, ಪಾಸಾಗುತ್ತೆ’ ಅನ್ನುವ ಪ್ರೋಗ್ರಾಮರ್ ಇವನ ಕಣ್ಣಿಗೆ ಜ್ವರ ಇಳಿಸಲು ಥರ್ಮಾಮೀಟರ್ ಕೊಡವಿದ ವೈದ್ಯ.

ಎರಡನೆಯದು ಎಣಿಕೆ. ದಾಳ 60,000 ಸಲ ಉರುಳಿದರೆ ಪ್ರತಿ ಮುಖಕ್ಕೆ ಸುಮಾರು 10,000 ಬರಬೇಕು. ನೂರು ಆಚೀಚೆಯಾದರೆ ಕ್ಷಮೆಯುಂಟು, ಐನೂರಾದರೆ ಇಲ್ಲ. ಆರೂ ಮುಖಕ್ಕೆ ಕರಾರುವಾಕ್ಕಾಗಿ 10,000 ಬಂದರಂತೂ ಅನುಮಾನ ಇನ್ನೂ ಹೆಚ್ಚು. ಹಬ್ಬದ ದಿನ ಚೌಕಾಬಾರಕ್ಕೆ ಕೂತರೂ ಪ್ರತಿ ಗರಕ್ಕೊಂದು ಗೀಟೆಳೆಯುತ್ತಾನೆ. ಮಕ್ಕಳು ಆಟಕ್ಕೆ ಕರೆಯುವುದನ್ನು ಬಿಟ್ಟಿದ್ದಾರೆ.

ಇವನ ಕೈಗೆ ಸಿಕ್ಕಿಬಿದ್ದ ಒಬ್ಬ ಪ್ರೋಗ್ರಾಮರ್ (ಈ ಸಾಲುಗಳ ಲೇಖಕನಿಗೆ ತೀರ ಹತ್ತಿರದವನು) ಇಸ್ಪೀಟೆಲೆ ಕಲೆಸುವ ಫಂಕ್ಷನ್ ಬರೆದಿದ್ದ. ಪ್ರತಿ ಎಲೆಯನ್ನೂ ಕಟ್ಟಿನ ಯಾವುದಾದರೊಂದು ಎಲೆಯೊಡನೆ ಅದಲುಬದಲು ಮಾಡುವುದು, ಇದರಲ್ಲಿ ತಪ್ಪೇನು? ಶುಕ್ರವಾರ ಸಂಜೆ, ಬಿಡುಗಡೆಗೆ ಎರಡೇ ಗಂಟೆ ಇರುವಾಗ, ಟೆಸ್ಟರ್ ಆತನನ್ನು ಕ್ಯಾಂಟೀನಿಗೆ ಎಳೆದೊಯ್ದು ಒಂದು ಬಿಸ್ಕತ್ತು, ಒಂದು ವಡೆ, ಒಂದು ಬೋಂಡ ಸಾಲಾಗಿಟ್ಟ. ಮೂರು ಅದಲುಬದಲು, ಪ್ರತಿಯೊಂದಕ್ಕೂ ಮೂರು ಆಯ್ಕೆ: ಒಟ್ಟು 27 ದಾರಿ. ಮೂರು ತಿಂಡಿ ಜೋಡಿಸುವ ಕ್ರಮಗಳೋ ಆರೇ. ‘27ನ್ನು ಆರಕ್ಕೆ ಸಮವಾಗಿ ಹಂಚು ನೋಡೋಣ.’ ಹಂಚಲಾಗದು: ಮೂರು ಕ್ರಮಗಳಿಗೆ ಐದೈದು ದಾರಿ, ಉಳಿದ ಮೂರಕ್ಕೆ ನಾಲ್ಕು ನಾಲ್ಕು. ಕಾಫಿ ಆರಿತು, ಬಿಡುಗಡೆ ಸೋಮವಾರಕ್ಕೆ ಹೋಯಿತು. ಬೋಂಡವನ್ನು ಟೆಸ್ಟರೇ ತಿಂದ.

ತಿದ್ದಬೇಕಿದ್ದದ್ದು ಒಂದೇ ಸಾಲು: ಒಮ್ಮೆ ಜಾಗ ಹಿಡಿದ ಎಲೆಯನ್ನು ಮತ್ತೆ ಮುಟ್ಟಬಾರದು. ಈ ಕ್ರಮದ ಮೂಲ ಸಂಖ್ಯಾಶಾಸ್ತ್ರಜ್ಞರಾದ ಫಿಶರ್ ಮತ್ತು ಯೇಟ್ಸ್ 1938ರಲ್ಲಿ ಕಾಗದ-ಪೆನ್ಸಿಲ್ಲಿಗೆಂದು ಪ್ರಕಟಿಸಿದ ವಿಧಾನ.

ಆ ಟೆಸ್ಟರ್ ಈಗ ಬೇರೆ ಕಂಪನಿಯಲ್ಲಿದ್ದಾನೆ. ಅವನ ಜಾಗಕ್ಕೆ ಬಂದ ವ್ಯವಸ್ಥೆ, ಟೆಸ್ಟ್ ಫೇಲಾದರೆ ತಾನಾಗಿಯೇ ಮೂರು ಸಲ ಮತ್ತೆ ಓಡಿಸುತ್ತದೆ. ಒಮ್ಮೆ ಪಾಸಾದರೂ ಹಸಿರು ದೀಪ. ರಾತ್ರಿ ಹನ್ನೊಂದಕ್ಕೆ ಫೋನ್ ಬರುವುದಿಲ್ಲ.