ಪಾಠ ಕಳಿಸಿದ್ರೋ, ಫೋಟೋ ಕಳಿಸಿದ್ರೋ?

ಮುಂಬಯಿಯ ಲೋಕಲ್ ರೈಲು, ಸಂಜೆಯ ಕಲ್ಯಾಣ್ ಫಾಸ್ಟ್‌ನಲ್ಲಿ ನೀವು ಕೂತಿದ್ದೀರಿ. (ಸೀಟು ಸಿಕ್ಕಿದೆ ಅಂತಲೇ ಇಟ್ಟುಕೊಳ್ಳೋಣ, ಹರಟೆಗೆ ಅಷ್ಟು ರಿಯಾಯ್ತಿ ಬೇಡ್ವೇ?) ಠಾಣೆ ದಾಟುವಷ್ಟರಲ್ಲಿ ಪಕ್ಕದವನ ಭುಜದ ಮೇಲೆ ನಿಮ್ಮ ತಲೆ. 'ಪುಢೀಲ್ ಸ್ಟೇಶನ್ ಡೊಂಬಿವಲಿ' ಅಂತ ಸ್ಪೀಕರಿನೊಳಗಿನ ಅಕ್ಕ ಹೇಳಿದ್ದೇ ತಡ, ಧಡಕ್ಕನೆ ಎದ್ದು ಬ್ಯಾಗು ಎದೆಗೆ ಏರಿಸಿ ಬಾಗಿಲಿಗೆ ನುಗ್ತೀರಿ.

ಆ ಅಕ್ಕ ಬಾಯಿ ಬಿಡದಿದ್ರೆ ಕಣ್ಣು ಕಾಣದವರು ಎಲ್ಲಿ ಇಳಿಯೋದು ಅಂತ ಯಾವತ್ತಾದ್ರೂ ಯೋಚಿಸಿದ್ದೀರಾ? ಕಣ್ಣಿದ್ದೂ ಮುಚ್ಚಿಕೊಂಡಿದ್ದ ನೀವು ಎಲ್ಲಿ ಇಳೀತಿದ್ರಿ ಅಂತ ನಾನು ಹೇಳಬಲ್ಲೆ. ಕಲ್ಯಾಣದಲ್ಲಿ! ಕಣ್ಣು ಕಾಣದವರಿಗೆ ಬೇಕೇ ಬೇಕಾದ ಸೌಕರ್ಯ, ಅದರ ದಿನನಿತ್ಯದ ಲಾಭ ನಿಮಗೂ.

ಪ್ಲ್ಯಾಟ್‌ಫಾರ್ಮಿನಲ್ಲಿ ಅಂಗವಿಕಲರ ಡಬ್ಬ ಬಂದು ನಿಲ್ಲುವ ಕಡೆ ಪೀಂ ಪೀಂ ಅಂತ ಸದ್ದು ಬರ್ತದಲ್ಲ, ಅದೂ ಹಾಗೇ. ಕಣ್ಣು ಕಾಣದವರು ಕಿವಿಯಿಂದ ಜಾಗ ಹುಡುಕಲಿ ಅಂತ. (ಗರ್ದಿ ಜಾಸ್ತಿಯಾದ ದಿನ ನೀವೂ ಅದೇ ಡಬ್ಬಕ್ಕೆ ನುಗ್ಗೋದು ಗೊತ್ತು. ಟಿಸಿ ಕಂಡ್ರೆ ತಟ್ಟನೆ ಕುಂಟೋದೂ ಗೊತ್ತು. ಇರ್ಲಿ ಬಿಡಿ, ಯಾರಿಗೂ ಹೇಳಲ್ಲ.)

ಈಗ ವಿಷಯಕ್ಕೆ ಬರೋಣ. ಭಾನುವಾರ ಕನ್ನಡ ಸಂಘದಲ್ಲಿ ಮಕ್ಕಳಿಗೆ ಕನ್ನಡ ಕ್ಲಾಸು ಮಾಡ್ತೀರಲ್ಲ, ಪುಣ್ಯದ ಕೆಲಸ. ಐರೋಲಿಯ ಹುಡುಗ, ಡೊಂಬಿವಲಿಯ ಹುಡುಗಿ, ಮನೇಲಿ ತುಳು, ಬೀದೀಲಿ ಮರಾಠಿ, ಶಾಲೇಲಿ ಇಂಗ್ಲಿಷು. ಅಂಥವರಿಗೆ ಅಆಇಈ ಹೇಳಿಕೊಡೋದು ಅಂದ್ರೆ ಹುಡುಗಾಟವೇ ಮಾರಾಯ್ರೇ! ಆದ್ರೆ ಕ್ಲಾಸು ಮುಗಿದ ಮೇಲೆ ವಾಟ್ಸಾಪ್ ಗ್ರೂಪಿಗೆ ನೀವು ಕಳಿಸ್ತೀರಲ್ಲ, ಅದನ್ನ ಒಮ್ಮೆ ತೆಗೆದು ನೋಡಿ.

ಬಿಳಿ ಬೋರ್ಡಿನ ಮೇಲೆ ಹಳದಿ ಮಾರ್ಕರು. ಫೋಟೋ ಅಡ್ಡಡ್ಡ. ಎಡಮೂಲೆಯಲ್ಲಿ ನಿಮ್ಮ ಹೆಬ್ಬೆರಳು, 'ಋ' ಇರಬೇಕಾದ ಜಾಗದಲ್ಲಿ ಟ್ಯೂಬ್‌ಲೈಟಿನ ಪ್ರತಿಬಿಂಬ. ಕಣ್ಣು ಚೆನ್ನಾಗಿರೋ ಅಪ್ಪಂದಿರೇ ಕತ್ತು ವಾಲಿಸಿ ಓದ್ತಾರೆ. ಕಣ್ಣು ಕಾಣದ ಮಗುವಿಗೆ ಪರದೆ ಓದಿ ಹೇಳೋ ಫೋನು ಅದನ್ನ ನೋಡಿ ಸಾಮಾನ್ಯವಾಗಿ ಏನು ಹೇಳ್ತದೆ ಗೊತ್ತೇ? 'ಫೋಟೋ' ಅಂತ. ಅಷ್ಟೇ. ಪಾಠ ಮುಗೀತು.

'ಹಾಗಾದ್ರೆ ಪಿಡಿಎಫ್ ಕಳಿಸ್ತೀನಿ' ಅಂತೀರಾ? ಭೇಷ್. ಆದ್ರೆ ಟೈಪ್ ಮಾಡೋದು ಅದೇ ಓಬೀರಾಯನ ಕಾಲದ ನುಡಿ ಫಾಂಟಿನಲ್ಲಿ, ಅಲ್ವೇ? ಪರದೆ ಮೇಲೆ ಮುದ್ದಾದ ಕನ್ನಡ ಕಾಣ್ತದೆ ನಿಜ. ಒಳಗಿರೋದು ಬರೀ ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಕಿಚಡಿ. 'ಕನ್ನಡ' ಅನ್ನೋ ಪದದ ಹೊಟ್ಟೆಯಲ್ಲೇ ಒಂದು ಪೌಂಡ್ ಚಿಹ್ನೆ ಕೂತಿರ್ತದೆ, ಲಂಡನ್ನಿನ ದುಡ್ಡಿನದ್ದು! ಓದಿ ಹೇಳೋ ಸಾಫ್ಟ್‌ವೇರು ಪಾಪ ಅದನ್ನೇ ಓದ್ತದೆ. ಯುನಿಕೋಡಿನಲ್ಲಿ ಟೈಪಿಸಿದ್ರೆ ಅಚ್ಚಗನ್ನಡದಲ್ಲಿ ಓದಿ ಹೇಳ್ತದೆ. ಖರ್ಚು? ಸೊನ್ನೆ.

ಸಾಫ್ಟ್‌ವೇರಿಗೆ ದುಡ್ಡೆಲ್ಲಿ ಅಂತ ಖಜಾಂಚಿ ಮುಖ ಮಾಡಬೇಡಿ. ಎನ್‌ವಿಡಿಎ ಅಂತ ಒಂದಿದೆ, ಪರದೆ ಮೇಲಿನದ್ದನ್ನ ಓದಿ ಹೇಳ್ತದೆ, ಪುಕ್ಕಟೆ. 2006ರಲ್ಲಿ ಅದನ್ನ ಶುರು ಮಾಡಿದ್ದು ಆಸ್ಟ್ರೇಲಿಯಾದ ಮೈಕಲ್ ಕರನ್, ಆಮೇಲೆ ಕೈ ಜೋಡಿಸಿದ್ದು ಜೇಮ್ಸ್ ಟೆ. ಇಬ್ಬರಿಗೂ ಕಣ್ಣು ಕಾಣಲ್ಲ. ಆಂಡ್ರಾಯ್ಡ್ ಫೋನಿನಲ್ಲಾದ್ರೆ ಟಾಕ್‌ಬ್ಯಾಕ್ ಇರ್ತದೆ. ನಿಮ್ಮ ಜೇಬಿನಲ್ಲೂ ಇದ್ದೀತು. (ಈಗಲೇ ಆನ್ ಮಾಡಬೇಡಿ, ಆಫ್ ಮಾಡೋಕೆ ಮಗಳನ್ನೇ ಕರೀಬೇಕಾಗ್ತದೆ.)

ಒಂದು ಗುಟ್ಟು ಹೇಳ್ತೀನಿ, ಹತ್ತಿರ ಬನ್ನಿ. ನಮ್ಮ ಮಕ್ಕಳು ಕನ್ನಡದ ಕ, ಮರಾಠಿಯ ಕ ಬೇರೆ ಬೇರೆ ಅಂತ ಒದ್ದಾಡ್ತಾರಲ್ಲ? ಬ್ರೈಲಿನಲ್ಲಿ ಆ ತಾಪತ್ರಯವೇ ಇಲ್ಲ. 1951ರಿಂದ ನಮ್ಮಲ್ಲಿರೋ ಭಾರತಿ ಬ್ರೈಲಿನಲ್ಲಿ ಎರಡಕ್ಕೂ ಒಂದೇ ಗುರುತು, ಒಂದು ಮತ್ತು ಮೂರನೇ ಚುಕ್ಕೆ. ಡೊಂಬಿವಲಿಯ ಕುರುಡು ಮಗು ಮರಾಠಿ ಬ್ರೈಲ್ ಕಲಿತಿದ್ರೆ ಕನ್ನಡದ್ದೂ ಮುಕ್ಕಾಲು ಬಂದ ಹಾಗೇ. ನಿಮ್ಮ ಕ್ಲಾಸಿನ ಜಾಣರೆಲ್ಲ ಅದರ ಹಿಂದೆ!

'ಅದೆಲ್ಲ ಸರಿ, ನಮ್ಮ ಕ್ಲಾಸಿನಲ್ಲಿ ಅಂಥವರು ಯಾರೂ ಇಲ್ವಲ್ಲ' ಅಂದ್ರಲ್ಲ ಈಗ? ಇರಲ್ಲ ಸ್ವಾಮಿ. ಕ್ಲಾಸು ನಡೆಯೋದು ಮೂರನೇ ಮಾಳಿಗೆಯಲ್ಲಿ, ಲಿಫ್ಟಿಲ್ಲ. ಗಾಲಿಕುರ್ಚಿಯ ಹುಡುಗಿ ಕೆಳಗಿನ ವಡಾಪಾವ್ ಗಾಡಿವರೆಗೆ ಬಂದು ವಾಪಸ್ ಹೋಗಿದ್ರೂ ನಿಮಗೆ ಗೊತ್ತಾಗಿರಲ್ಲ. ಬರೋಕಾಗದವರು ಬಂದಿಲ್ಲ ಅನ್ನೋದನ್ನೇ ಅಂಥವರಿಲ್ಲ ಅನ್ನೋದಕ್ಕೆ ಸಾಕ್ಷಿ ಮಾಡಿಕೊಂಡು ಆರಾಮಾಗಿದ್ದೀರಿ.

ಮತ್ತೆ 'ಅಂಥವರು' ಅಂದ್ರೆ ಯಾರು? 1995ರ ಕಾನೂನು ಏಳು ಬಗೆಯ ಅಂಗವೈಕಲ್ಯ ಹೇಳಿತ್ತು. 2016ರದ್ದು 21 ಹೇಳ್ತದೆ, ಓದೋಕೆ ತೊಡಕಾಗೋ ಡಿಸ್ಲೆಕ್ಸಿಯಾನೂ ಸೇರಿ. ಹಿಂದಿನ ಬೆಂಚಿನಲ್ಲಿ 'ದಡ್ಡ' ಅಂತ ಕೂರಿಸಿದ್ದೀರಲ್ಲ ಒಬ್ಬನ್ನ, ಅವನಿಗೆ ಅಕ್ಷರ ದೊಡ್ಡದು ಮಾಡಿ, ಸಾಲು ಬಿಡಿಸಿ, ಪಾಠ ಓದಿ ರೆಕಾರ್ಡ್ ಮಾಡಿ ಕಳಿಸಿ ನೋಡಿ. ಸಲಹೆ ಬೇಕಾ? ವಾಶಿಯಲ್ಲಿ ನವಿ ಮುಂಬಯಿ ಪಾಲಿಕೆಯೇ ನಡೆಸೋ ಇಟಿಸಿ ಕೇಂದ್ರವಿದೆ, ಅಂಗವಿಕಲರ ಶಿಕ್ಷಣ, ತರಬೇತಿಗೇ ಅಂತ. ವಾಶಿಯ ಮಾಲಿಗೆ ಹೋಗ್ತೀರಲ್ಲ, ಅಲ್ಲಿಗೂ ಒಂದು ಹೆಜ್ಜೆ ಹಾಕಿ.

ಅಂದ ಹಾಗೆ, ನಿಮ್ಮ ಕಣ್ಣು ಹೇಗಿದೆ? ನೆಟ್ಟಗಿದೆ ಅಂತೀರಿ, ಗೊತ್ತು. ಹಾಗಾದ್ರೆ ಫೋನನ್ನ ಅಷ್ಟು ದೂರ ಹಿಡಿದಿರೋದ್ಯಾಕೆ? ಫಾಂಟು ದೊಡ್ಡದು ಮಾಡಿಕೊಂಡು 'ಮೊಮ್ಮಗ ಏನೋ ಒತ್ತಿಬಿಟ್ಟ' ಅಂತ ಸುಳ್ಳು ಹೇಳಿದ್ದು ಯಾರು? ಟೈಪಿಸೋಕೆ ಬೇಜಾರು ಅಂತ ಮೈಕ್ ಒತ್ತಿ ಕನ್ನಡ ಮಾತಾಡಿಸೋದು, ಟಿವಿ ಸೌಂಡು ತಗ್ಗಿಸಿ ಸಬ್‌ಟೈಟಲ್ ಓದೋದು ಯಾರು? 'ಅಂಥವರು' ತಾನೇ?

ಬರೋ ಭಾನುವಾರದಿಂದ ಒಂದೇ ಒಂದು ಮಾಡಿ. ಫೋಟೋ ಕಳಿಸಲೇಬೇಕಾದ್ರೆ, ಅದರಲ್ಲೇನಿದೆ ಅಂತ ಕೆಳಗೆ ಎರಡು ಸಾಲು ಕನ್ನಡದಲ್ಲಿ ಟೈಪಿಸಿ. ನಿಮ್ಮ ಕೈಲಾಗುತ್ತೆ, ಅನುಮಾನವೇ ಇಲ್ಲ. ವಾರ್ಷಿಕೋತ್ಸವದ ಫೋಟೋ ಕೆಳಗೆ 'ಎಡದಿಂದ ಬಲಕ್ಕೆ' ಅಂತ ಹದಿನೆಂಟು ಹೆಸರು, ಹುದ್ದೆ ಸಮೇತ ಬರೀತೀರಲ್ಲ! ಒಂದು ಹೆಸರು ಬಿಟ್ಟುಹೋದ್ರೆ ಮೂರು ತಿಂಗಳು ಮಾತು ಬಿಡ್ತೀರಲ್ಲ!