ಹಸಿರು ಕಚೇರಿಯ ಮಹನೀಯರಿಗೆ ಒಂದು ಬಹಿರಂಗ ಪತ್ರ

ಸಂಗೀತ ಸಭೆಗಳ ಗೌರವಾನ್ವಿತ ಕಾರ್ಯದರ್ಶಿಗಳಿಗೆ,

ತಾವೆಲ್ಲ ಈಗ ಪರಿಸರಸ್ನೇಹಿಗಳಾಗಿರುವುದು ಕೇಳಿ ಪರಮಾನಂದವಾಯಿತು. ವಿದ್ವಾಂಸರಿಗೆ ಹಾರದ ಬದಲು ಸಸಿ ಕೊಡುತ್ತೀರಂತೆ. ಸಸಿ ವಿಮಾನ ನಿಲ್ದಾಣದ ಬಾಗಿಲವರೆಗೆ ಹೋಗಿ ಕಾರಿನ ಚಾಲಕನ ಪಾಲಾಗುತ್ತದೆ. ಆತನ ಹಿತ್ತಿಲು ಇಷ್ಟರಲ್ಲೇ ಅಭಯಾರಣ್ಯವಾದೀತು. ‘ಭೂಮಿ ಉಳಿಸಿ’ ಎಂಬ ಫ್ಲೆಕ್ಸ್ ಕೂಡ ಕಟ್ಟಿಸುತ್ತೀರಿ. ಫ್ಲೆಕ್ಸನ್ನು ರಾಜ್ಯ ಸರ್ಕಾರ 2016ರಲ್ಲೇ ನಿಷೇಧಿಸಿದೆ ಎಂದು ಯಾರಾದರೂ ಕೊಂಕು ತೆಗೆದರೆ, ಕಲೆಗೆ ಕಟ್ಟುಪಾಡಿಲ್ಲ ಎಂದುಬಿಡಿ.

ಈಗ ತಮ್ಮ ಕಣ್ಣು ವಾದ್ಯಗಳ ಮೇಲೆ ಬಿದ್ದಿದೆ. ವೀಣೆ, ಮೃದಂಗಕ್ಕೆ ಹಲಸಿನ ಮರ ಕಡಿಯುವುದು ಘೋರ ಪಾಪವೆನ್ನುತ್ತೀರಿ. ಒಪ್ಪಿದೆ. ಅಜ್ಜಿಯ ವೀಣೆಯನ್ನು ಮೊಮ್ಮಗಳು ನುಡಿಸುವುದು, ಮೃದಂಗದ ಮುಚ್ಚಿಗೆ ಸವೆದರೆ ಅದೇ ಮರಕ್ಕೆ ಹೊಸದನ್ನು ಬಿಗಿಸುವುದು, ಬಳ್ಳಿಯಲ್ಲಿ ಬಿಟ್ಟ ಸೋರೆಬುರುಡೆಯಿಂದ ತಂಬೂರಿ ಮಾಡುವುದು, ಇದೆಲ್ಲ ಎಂಥ ದುಂದು! ಫೈಬರ್ ಮೃದಂಗ ತರಿಸಿ, ಆ ಉಳಿತಾಯದ ಪುಣ್ಯದಲ್ಲಿ ಸಭಾಂಗಣದ ಏಸಿಯನ್ನು ಇನ್ನೆರಡು ಡಿಗ್ರಿ ಇಳಿಸಿ. ಪ್ರೇಕ್ಷಕರಿಗೂ ಆಯೋಜಕರ ಶಾಲಿನ ಬೆಲೆ ತಿಳಿಯಲಿ.

ನಮ್ಮೂರು ಅಮೃತಾಪುರದ ಅಮೃತೇಶ್ವರ ಗುಡಿಯನ್ನು ನೋಡಿ ಬೇಸರಪಡಬೇಡಿ. 1196ರಲ್ಲಿ, ಹೊಯ್ಸಳ ವೀರಬಲ್ಲಾಳನ ದಂಡನಾಯಕ ಕಟ್ಟಿಸಿದ್ದು. ತೆರೆದ ಮಂಟಪದ ಕಂಬಗಳ ನಡುವೆ ಗಾಳಿ ತಾನಾಗಿ ಓಡಾಡುತ್ತದೆ; ಏಸಿ ಕೂರಿಸಲು ಜಾಗ ಬಿಡುವುದನ್ನೇ ಮರೆತಿದ್ದಾರೆ. ಶಿಲ್ಪಿ ಮಲ್ಲಿತಮ್ಮ ಕೆಲಸ ಶುರು ಮಾಡಿದ್ದೇ ಇಲ್ಲಿ ಎನ್ನುತ್ತಾರೆ, ಅನುಭವ ಸಾಲದ ಹುಡುಗ, ಮನ್ನಿಸಿ. ಇಲ್ಲಿಯ ರಾಮಾಯಣದ ಫಲಕಗಳು ಅಪ್ರದಕ್ಷಿಣವಾಗಿ ಸಾಗುತ್ತವೆ. ತಮ್ಮ ಹಸಿರು ಯೋಜನೆಯ ದಿಕ್ಕೂ ಅದೇ, ಆದರೆ ಫಲಕಗಳಲ್ಲಿ ಕಥೆಯಾದರೂ ಮುಂದೆ ಹೋಗುತ್ತದೆ.

ಗುಡಿಯೊಳಗೆ ಕಚೇರಿ ಇಡಿ ಎನ್ನುತ್ತಿಲ್ಲ. ಅದು ಪುರಾತತ್ವ ಇಲಾಖೆಯ ರಕ್ಷಣೆಯಲ್ಲಿದೆ. ಅದರ ಅಳತೆ ಮಾತ್ರ ಎರವಲು ಪಡೆಯಿರಿ. ಮೈಕಿಲ್ಲದೆ ಕೇಳುವಷ್ಟು ಜನ, ದೀಪ ಹಚ್ಚುವ ಮೊದಲೇ ಮಂಗಳ. ಎರಡು ಗಂಟೆಯ ಹಾಡಿಕೆಗೆ ವಿದ್ವಾಂಸರನ್ನು ವಿಮಾನದಲ್ಲಿ ಕರೆಸಿ, ಮರುದಿನವೇ ವಿಮಾನ ಹತ್ತಿಸುವುದರ ಬದಲು, ಬಂದವರು ರೈಲಿನಲ್ಲೇ ಕಡೂರು, ಬೀರೂರು, ತರೀಕೆರೆ, ಶಿವಮೊಗ್ಗ ಹಾಡಿಕೊಂಡು ಹೋಗಬಹುದು. ನಾಲ್ಕೂ ಒಂದೇ ಹಳಿಯ ಮೇಲಿವೆ. ಆದರೆ ಇದರಲ್ಲೊಂದು ದೊಡ್ಡ ಅನಾಹುತವಿದೆ: ‘ನಮ್ಮ ಸಭೆಗಾಗಿಯೇ ವಿಶೇಷವಾಗಿ ಆಗಮಿಸಿದ್ದಾರೆ’ ಎಂದು ಕರೆಯೋಲೆಯಲ್ಲಿ ಹಾಕಿಸಲಾಗದು. ನಾಲ್ಕು ಊರಿನ ಕಾರ್ಯದರ್ಶಿಗಳು ಒಬ್ಬರಿಗೊಬ್ಬರು ಫೋನ್ ಮಾಡಬೇಕಾಗುತ್ತದೆ. ಅದಕ್ಕಿಂತ ಸಾವಿರ ಸಸಿ ನೆಡುವುದೇ ಸುಲಭ.

ಹಾಗಾಗಿ ತಮ್ಮ ಇಷ್ಟದಂತೆಯೇ ಮುಂದುವರಿಯಿರಿ. ಒಂದೇ ಕೋರಿಕೆ: ಸಭಾಂಗಣದಾಚೆ ನಿಲ್ಲಿಸುವ ಡೀಸೆಲ್ ಜನರೇಟರಿನ ಶ್ರುತಿ ಎಷ್ಟು ಮನೆಯದೆಂದು ಮೊದಲೇ ತಿಳಿಸಿಬಿಡಿ. ವಿದ್ವಾಂಸರು ಹೇಗೂ ಅದಕ್ಕೇ ಹೊಂದಿಕೊಂಡು ಹಾಡಬೇಕು.

ಇತಿ,
ಅಮೃತಾಪುರದ ಹಿಂದಿನ ಸಾಲಿನ ಶ್ರೋತೃ